ಹಿಂದಲೆಯ ಕೂದಲನ್ನು ಮುಂದಲೆಗೆ ನೆಡುವಾಗ

ಶಸ್ತ್ರಚಿಕಿತ್ಸೆಯ ದಿನ ನನಗೆ ಅತಿ ಕಷ್ಟದ ಕೆಲಸ ಎಂದರೆ ಮಾರ್ಕರ್ ಹಿಡಿದು, ನೆಟ್ಟ ಕೂದಲು ಎಲ್ಲಿಂದ ಶುರುವಾಗಬೇಕೆಂದು ಹಣೆಯ ಮೇಲೆ ಗೆರೆ ಎಳೆಯುವುದು. ‘ಇನ್ನೂ ಸ್ವಲ್ಪ ಕೆಳಗೆ ತನ್ನಿ ಡಾಕ್ಟ್ರೇ’ ಎಂದು ಕೇಳದವರೇ ಕಡಿಮೆ. ನಾನು ಒಪ್ಪುವುದಿಲ್ಲ. ಹಿಂದಲೆಯಲ್ಲಿ ಬೇರುಸಮೇತ ತೆಗೆದ ಜಾಗದಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಇಪ್ಪತ್ತೈದರ ಹುಡುಗನಿಗೆ ಇರುವುದೆಲ್ಲವನ್ನೂ ಹಣೆಗೇ ಸುರಿದರೆ, ಮುಂದೆ ನೆತ್ತಿ ಬೋಳಾದಾಗ ತುಂಬಲು ಏನು ಉಳಿಯುತ್ತದೆ?

ಗಂಡಸರ ಬೊಕ್ಕತಲೆಗೆ ಕಾರಣವಾಗುವ ಡಿಎಚ್‌ಟಿ ಹಾರ್ಮೋನಿಗೆ ಹಿಂದಲೆಯ ಬೇರುಗಳು ಸುಲಭಕ್ಕೆ ಜಗ್ಗುವುದಿಲ್ಲ. ಎಲ್ಲಿ ನೆಟ್ಟರೂ ಆ ಗುಣ ಅವುಗಳ ಜೊತೆಗೇ ಹೋಗುತ್ತದೆ. ನ್ಯೂಯಾರ್ಕಿನ ಡಾ. ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ ಈ ಸಂಗತಿಯ ಮೇಲೆಯೇ ನಮ್ಮ ಕೆಲಸವೆಲ್ಲ ನಿಂತಿದೆ. ಆಗ 4 ಮಿ.ಮೀ. ಅಗಲದ ಚರ್ಮದ ತುಂಡುಗಳನ್ನು ನೆಡುತ್ತಿದ್ದರು, ತಲೆ ಗೊಂಬೆಯದರಂತೆ ಕಾಣುತ್ತಿತ್ತು. ಈಗ ಒಂದರಿಂದ ನಾಲ್ಕು ಕೂದಲಿನ ಸಹಜ ಗುಚ್ಛವನ್ನೇ ಒಂದೊಂದಾಗಿ ತೆಗೆಯುತ್ತೇವೆ. ಅದೇ ಗ್ರಾಫ್ಟ್.

ಹಿಂದಲೆ ಬೋಳಿಸಿ, ಅರಿವಳಿಕೆ ಚುಚ್ಚಿದ ಮೇಲೆ 0.9 ಮಿ.ಮೀ. ಪಂಚ್ ಕೈಗೆತ್ತಿಕೊಳ್ಳುತ್ತೇನೆ, ಅಂದರೆ ಗುಚ್ಛದ ಸುತ್ತ ಚರ್ಮ ಕೊರೆಯುವ ಸಣ್ಣ ಕೊಳವೆಯಂಥ ಸಾಧನ. ಕೂದಲು ಚರ್ಮದ ಮೇಲೆ ವಾಲಿದ ದಿಕ್ಕೇ ಒಳಗೂ ಇರುತ್ತದೆ ಎನ್ನುವಂತಿಲ್ಲ. ಆರಂಭದ ದಿನಗಳಲ್ಲಿ ಗುಂಗುರು ಕೂದಲಿನವರೊಬ್ಬರಿಗೆ ಮಾಡುವಾಗ, ಹೊರಬಂದ ಗ್ರಾಫ್ಟುಗಳ ತುದಿಯಲ್ಲಿ ಬೇರಿನ ಬುಡದ ಉಬ್ಬಿದ ಗಡ್ಡೆಯೇ ಇರಲಿಲ್ಲ. ಒಳಗೆ ಬೇರು ಬಾಗಿತ್ತು, ನಾನು ನೇರಕ್ಕೆ ಕೊರೆದು ಕತ್ತರಿಸಿಬಿಟ್ಟಿದ್ದೆ. ತಕ್ಷಣ ನಿಲ್ಲಿಸಿ, ಸ್ವಲ್ಪ ದೊಡ್ಡ ಪಂಚ್ ತೆಗೆದುಕೊಂಡು, ಆಳ ಕಡಿಮೆ ಮಾಡಿದೆ. ಕಳೆದುಹೋದ ಆ ಹತ್ತು-ಹನ್ನೆರಡು ಬೇರು ಇಂದಿಗೂ ನೆನಪಿಗೆ ಬರುತ್ತವೆ. ಅಂದಿನಿಂದ ಮೊದಲ ಹತ್ತು ಗ್ರಾಫ್ಟುಗಳನ್ನು ಲೆನ್ಸಿನಡಿ ನೋಡದೆ ಹನ್ನೊಂದನೆಯದಕ್ಕೆ ಕೈ ಹಾಕುವುದಿಲ್ಲ.

ತೆಗೆದವು ತಣ್ಣನೆಯ ಸಲೈನಿನಲ್ಲಿರಬೇಕು. ಗಾಳಿಗೆ ಕೆಲವು ನಿಮಿಷ ಒಣಗಿದರೂ ಬೇರು ಸಾಯಬಹುದು.

ಆಮೇಲೆ ಗ್ರಾಫ್ಟುಗಳನ್ನು ಕೂರಿಸಲು ಮುಂದಲೆಯಲ್ಲಿ ಸಣ್ಣ ಸೀಳುಗಳು. ಹಣೆಯಂಚಿಗೆ ಒಂಟಿ ಕೂದಲಿನ ಗ್ರಾಫ್ಟುಗಳು, ಹಿಂದಕ್ಕೆ ಎರಡು-ಮೂರರವು. ಮುಂದಲೆಯಲ್ಲಿ ಕೂದಲು ಚರ್ಮಕ್ಕೆ ಒರಗಿದಂತೆ ಹುಟ್ಟುತ್ತದೆ. ಸೀಳೂ ಹಾಗೇ ಓರೆಯಾಗಿರಬೇಕು. ಅಂಚಿನ ಸಾಲನ್ನು ಬೇಕೆಂದೇ ಏರುಪೇರು ಮಾಡುತ್ತೇನೆ. ಎರಡು ಸಾವಿರ ಗ್ರಾಫ್ಟ್ ಮುಗಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ.

ಮೂರನೆಯ ವಾರ ಫೋನ್ ಬರುತ್ತದೆ: ‘ಡಾಕ್ಟ್ರೇ, ನೆಟ್ಟಿದ್ದೆಲ್ಲ ದಿಂಬಿನ ಮೇಲೆ ಉದುರಿದೆ.’ ಉದುರುವುದು ಕೂದಲಷ್ಟೇ, ಬೇರು ಒಳಗೇ ಇದೆ ಎಂದು ಮೊದಲೇ ಹೇಳಿರುತ್ತೇನೆ. ಆದರೂ ಆ ದನಿಯ ಗಾಬರಿ ಕೇಳಿ ಮತ್ತೆ ಮೊದಲಿನಿಂದ ವಿವರಿಸುತ್ತೇನೆ. ಮೂರು-ನಾಲ್ಕು ತಿಂಗಳಿಗೆ ಹೊಸ ಎಳೆ ಕಾಣುತ್ತದೆ, ಪೂರ್ತಿ ನೋಡಲು ವರ್ಷ ಬೇಕು.