ಅಡಿಕೆ ತೋಟದ ನಡುವೆ ಧ್ರುವ ಹಿಡಿದದ್ದು

ಟೆಲಿಸ್ಕೋಪ್ ಇಟ್ಟುಕೊಂಡವರಿಗೆ ಉತ್ತರ ದಿಕ್ಕು ಅಂದರೆ ಅಂದಾಜಿನ ದಿಕ್ಕು ಸಾಲದು. ಈಕ್ವಟೋರಿಯಲ್ ಮೌಂಟಿನ, ಅಂದರೆ ಟೆಲಿಸ್ಕೋಪನ್ನು ಹೊತ್ತು ನಕ್ಷತ್ರದ ಹಿಂದೆ ತಿರುಗಿಸುವ ಸ್ಟ್ಯಾಂಡಿನ, ಅಕ್ಷ ಆಕಾಶದ ಧ್ರುವಕ್ಕೇ, ಅಂದರೆ ನಕ್ಷತ್ರಗಳೆಲ್ಲ ಸುತ್ತುವಂತೆ ಕಾಣುವ ಬಿಂದುವಿಗೇ, ಮುಖ ಮಾಡಿರಬೇಕು. ಆಗ ಮೋಟಾರ್ ಗಂಟೆಗೆ 15 ಡಿಗ್ರಿ ತಿರುಗಿದರೆ ನಕ್ಷತ್ರ ಕದಲದೆ ನಿಲ್ಲುತ್ತದೆ. ಆದರೆ ತೀರ್ಥಹಳ್ಳಿ ಕಡೆ ಧ್ರುವ ನಕ್ಷತ್ರ ಇರುವುದೇ ಸುಮಾರು 14 ಡಿಗ್ರಿ ಎತ್ತರದಲ್ಲಿ, ಅಂದರೆ ನಮ್ಮ ಅಕ್ಷಾಂಶದಷ್ಟು. ನಮ್ಮ ಮನೆಯಿಂದ ನೋಡಿದರೆ ಅಡಿಕೆ ಮರ, ಅದರ ಹಿಂದೆ ಗುಡ್ಡ. ನಕ್ಷತ್ರ ಎಲ್ಲಿಂದ ಕಾಣಬೇಕು?

ಕಂಪಾಸ್ ಇದೆಯಲ್ಲ ಅನ್ನಬಹುದು. ಕಂಪಾಸ್ ನೋಡುವುದು ಬೇರೆಯೇ ಧ್ರುವವನ್ನು. ಭೂಮಿಯ ಒಳಗೆ ಕರಗಿದ ಕಬ್ಬಿಣ ಹರಿಯುವುದರಿಂದ ಹುಟ್ಟುವ ಕಾಂತಕ್ಷೇತ್ರದ ಧ್ರುವ ಅದು, ಒಂದೇ ಕಡೆ ನಿಲ್ಲುವುದಿಲ್ಲ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಕಂಡಾಗ ಉತ್ತರ ಕಾಂತಧ್ರುವ ಕೆನಡಾದಲ್ಲಿತ್ತು, ಈಗ ಸೈಬೀರಿಯಾ ಕಡೆ ಸರಿಯುತ್ತಿದೆ. ಸಾಲದ್ದಕ್ಕೆ ತಗಡಿನ ಶೆಡ್ಡು, ನಿಲ್ಲಿಸಿದ ಬೈಕು ಹತ್ತಿರವಿದ್ದರೂ ಮುಳ್ಳು ವಾಲುತ್ತದೆ. ಭೂಗೋಳದ ಧ್ರುವ ಹಾಗಲ್ಲ. ಭೂಮಿ ಸುತ್ತುವ ಅಕ್ಷ ಹೊರಬರುವ ಜಾಗ ಅದು, ಅದೇ ಅಕ್ಷವನ್ನು ಮೇಲಕ್ಕೆ ಎಳೆದರೆ ಆಕಾಶದ ಧ್ರುವ ಸಿಗುತ್ತದೆ. ಹಾಗಾಗಿ ನಾನು ನಂಬಿದ್ದು ನೆರಳನ್ನು.

ಅಡಿಕೆ ಒಣಗಿಸುವ ಅಂಗಳ ಸಮತಟ್ಟಾಗಿದೆ. ಅಲ್ಲಿ ತೂಗುಗುಂಡು ಹಿಡಿದು ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡದಿಂದ ಹಗ್ಗ ಹಿಡಿದು ಸುಣ್ಣದಲ್ಲಿ ವೃತ್ತ ಎಳೆದೆ. ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿ ಒಳಗೆ ಬಂದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಹೊರಗೆ ಹೋದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮ, ಅದಕ್ಕೆ ಲಂಬವಾಗಿ ಎಳೆದದ್ದು ನಿಜವಾದ ಉತ್ತರ. ನಮ್ಮ ಹಳೆಯ ಶಂಕು ಪದ್ಧತಿ ಇದೇ ಅಲ್ವಾ! ಡಿಸೆಂಬರ್ ಕೊನೆಯಲ್ಲಿ ಮಾಡುವುದು ಒಳ್ಳೆಯದು, ಆಗ ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುವುದು ತೀರಾ ಕಡಿಮೆ, ಆಕಾಶವೂ ಶುಭ್ರ.

ಟ್ರೈಪಾಡನ್ನು ಆ ಗೆರೆಗೆ ಕೂರಿಸಿ, ಅಕ್ಷವನ್ನು ಅಕ್ಷಾಂಶದಷ್ಟು ಎತ್ತಿದೆ. ಧ್ರುವ ನಕ್ಷತ್ರ ಕಂಡಿದ್ದರೂ ಅಷ್ಟಕ್ಕೇ ಬಿಡುವ ಹಾಗಿರಲಿಲ್ಲ, ಯಾಕೆಂದರೆ ಅದು ಕೂಡ ನಿಜವಾದ ಧ್ರುವದಿಂದ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಸ್ವಲ್ಪ ಜಾಸ್ತಿಯೇ ಪಕ್ಕದಲ್ಲಿದೆ.

ಕೊನೆಯ ತಿದ್ದುಪಡಿ ರಾತ್ರಿಯದು. ಒರಾಯನ್ ನಕ್ಷತ್ರಪುಂಜದ ನಡುಪಟ್ಟಿಯ (ಬೆಲ್ಟಿನ) ನಕ್ಷತ್ರವೊಂದು ಉತ್ತರ ದಕ್ಷಿಣದ ಗೆರೆಗೆ ಬಂದಾಗ ಅದನ್ನು ಐಪೀಸಿನ (ಕಣ್ಣಿಟ್ಟು ನೋಡುವ ಮಸೂರದ) ನಡುವೆ ಹಿಡಿದು ಕಾಯಿರಿ. ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಜಾಸ್ತಿ ತಿರುಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಎತ್ತರ ಸರಿಯಿದೆಯೇ ಎಂದು ನೋಡಲು ಪೂರ್ವದಲ್ಲಿ ಕೆಳಗಿರುವ ನಕ್ಷತ್ರ ಹಿಡಿಯಿರಿ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷವನ್ನು ಸ್ವಲ್ಪ ಮೇಲೆತ್ತಬೇಕು.