ಏರಿನಲ್ಲಿ ಮಾತ್ರ ಬರುವ ಮಿಸ್ಸಿಂಗ್: ಮಡಿಲಲ್ಲಿ ಮಲ್ಟಿಮೀಟರ್ ಇಟ್ಟುಕೊಂಡು ಹಿಡಿದದ್ದು

ಪೆರ್ಲದ ಕಡೆಯ ಮಾಷ್ಟ್ರೊಬ್ಬರ ಗಾಡಿ. 1.2 ಲೀಟರಿನ ಪೆಟ್ರೋಲ್ ಇಂಜಿನ್, ಪ್ಲಗ್ಗಿಗೆ ಕಿಡಿಯ ವೋಲ್ಟ್ ಕೊಡುವ ಕಾಯಿಲ್ ಪ್ಲಗ್ಗಿಗೊಂದರಂತೆ ನಾಲ್ಕು, ಓಡಿದ್ದು ಸುಮಾರು 90,000 ಕಿ.ಮೀ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಗ್ಯಾರೇಜಿಗೆ ಬರುವ ಮೊದಲೇ ಮೂರು ಕಡೆ ಸುತ್ತಿ ಬಂದಿತ್ತು. ಐಡ್ಲಿಂಗ್ ಚಂದ, ಸಮರಸ್ತೆಯಲ್ಲಿ 80ರಲ್ಲೂ ಚಂದ. ಏರಿನಲ್ಲಿ ಮೂರನೇ ಗೇರ್ ಹಾಕಿ ಎಕ್ಸಿಲೇಟರ್ ಪೂರ್ತಿ ಒತ್ತಿದರೆ ಮಾತ್ರ ಮಿಸ್ಸಿಂಗ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಆಗಾಗ ಉರಿಯದೆ ತಪ್ಪುವುದು. ಗಾಡಿ ಜಗ್ಗಿ ಜಗ್ಗಿ ಹೋಗುತ್ತದೆ, ಚೆಕ್ ಲೈಟ್ ಮಿಣುಕುತ್ತದೆ.

ಅಷ್ಟು ಹೊತ್ತಿಗೆ ಮಾಷ್ಟ್ರು 20,000ದ ಮೇಲೆ ಕಳಕೊಂಡಿದ್ದರು. ಪೆಟ್ರೋಲ್ ಪಂಪ್ ಹೊಸತು, ಇಂಜೆಕ್ಟರ್ ಕ್ಲೀನಿಂಗ್ ಎರಡು ಸಲ, ಫಿಲ್ಟರ್. ಎಲ್ಲರೂ ಪೆಟ್ರೋಲಿನ ಹಿಂದೆ ಬಿದ್ದದ್ದಕ್ಕೂ ಕಾರಣವಿತ್ತು: ಸ್ಕ್ಯಾನರ್ ಲೀನ್, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ, ಅನ್ನುತ್ತಿತ್ತು. ಉರಿಯದ ಸಿಲಿಂಡರಿನ ಗಾಳಿ ಹಾಗೆಯೇ ಸೈಲೆನ್ಸರಿಗೆ ಹೋದರೆ ಆಕ್ಸಿಜನ್ ಸೆನ್ಸರ್ ಲೀನ್ ಅಂತಲೇ ತೋರಿಸುವುದು. ಅದನ್ನು ನಂಬಿ ಪಂಪ್ ಹಾಕಿದರೆ ದುಡ್ಡು ಹೋಯಿತು ಅಂತಲೇ ಲೆಕ್ಕ.

ನಾನೂ ಮೊದಲು ಎಡವಿದೆ. ಕೋಡ್ ಪಿ 0300, ಸಿಲಿಂಡರ್ ಯಾವುದೆಂದು ಗೊತ್ತಾಗದ ಮಿಸ್‌ಫೈರ್. ನಾಲ್ಕು ಪ್ಲಗ್ ಬದಲಿಸಿದೆ, ಸಾವಿರದಿನ್ನೂರೋ ಏನೋ ಆಯಿತು. ಎರಡು ದಿನ ಸರಿ ಇದ್ದ ಹಾಗೆ ಕಂಡು ಮತ್ತೆ ಅದೇ. ಮೂರನೇ ಸಿಲಿಂಡರಿನ ಕಾಯಿಲ್ ಮೇಲೆ ಸಂಶಯ ಬಂದು ಹೊಸತು ತರಿಸಿದೆ, ಅದರಿಂದಲೂ ಗುಣವಿಲ್ಲ. ಆ ಕಾಯಿಲಿನ ದುಡ್ಡು ಮಾಷ್ಟ್ರ ಹತ್ತಿರ ತೆಗೆದುಕೊಳ್ಳಲಿಲ್ಲ. ಈಗ ನನ್ನ ಕಪಾಟಿನಲ್ಲಿ ಟೆಸ್ಟಿಂಗಿಗೆ ಇದೆ.

ನಡುವೆ ಪೆಟ್ರೋಲನ್ನೂ ನೋಡಿಬಿಡುವ ಅಂದುಕೊಂಡೆ. ನಮ್ಮಲ್ಲಿ ಎಷ್ಟೋ ಜನ ರೇಟು ಕಡಿಮೆ ಅಂತ ಗಡಿ ದಾಟಿ ಕರ್ನಾಟಕದಲ್ಲಿ ಟ್ಯಾಂಕ್ ತುಂಬಿಸುವವರು; ಮಿಸ್ಸಿಂಗ್ ಬಂದರೆ ಮೊದಲು ಬೈಯುವುದು ಆ ಪೆಟ್ರೋಲನ್ನೇ. ಅಳತೆಯ ಜಾಡಿಯಲ್ಲಿ 100 ಮಿ.ಲೀ. ಪೆಟ್ರೋಲಿಗೆ 20 ಮಿ.ಲೀ. ನೀರು ಹಾಕಿ ಕುಲುಕಿ ಇಟ್ಟೆ. ಪೆಟ್ರೋಲಿನ ಎಥೆನಾಲ್ ನೀರಿಗೆ ಸೇರಿಕೊಂಡು ಅಡಿಯ ನೀರು 40ರ ಹತ್ತಿರ ಬಂದು ನಿಂತಿತು. ಅಂದರೆ ಎಥೆನಾಲ್ 20ರಷ್ಟು, ಇರಬೇಕಾದಷ್ಟೇ. ಟ್ಯಾಂಕಿನ ತಳದಿಂದ ತೆಗೆದದ್ದನ್ನು ಬಾಟ್ಲಿಯಲ್ಲಿ ಒಂದು ರಾತ್ರಿ ಇಟ್ಟರೂ ನೀರು ಬೇರೆಯಾಗಲಿಲ್ಲ. ಗೇಜ್ ಕಟ್ಟಿ ಏರು ಹತ್ತಿಸಿದರೆ ಪ್ರೆಶರ್ ಮೂರು ಬಾರಿನಿಂದ ಅಲುಗಲಿಲ್ಲ. ಪೆಟ್ರೋಲಿನ ವಿಷಯ ಅಲ್ಲಿಗೇ ಬಿಟ್ಟೆ.

ಆಮೇಲೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಗ್ಯಾಪ್ 1.1 ಮಿ.ಮೀ.ನಿಂದ 0.7ಕ್ಕೆ ಇಳಿಸಿದೆ. ಮಿಸ್ಸಿಂಗ್ ಅರ್ಧಕ್ಕರ್ಧ ಕಡಿಮೆ! ನನಗೆ ದಾರಿ ಸಿಕ್ಕಿದ್ದು ಅಲ್ಲಿ. ಲೋಡಿನಲ್ಲಿ ಸಿಲಿಂಡರಿನೊಳಗೆ ಒತ್ತಡ ಏರಿದಾಗ ಕಿಡಿ ಹಾರುವುದಕ್ಕೆ ಹೆಚ್ಚು ವೋಲ್ಟ್ ಬೇಕು. ಗ್ಯಾಪ್ ಕಿರಿದಾದರೆ ಕಡಿಮೆ ಸಾಕು. ಹಾಗಾದರೆ ಕಿಡಿಯೇ ಸೊರಗಿದೆ. ಕಾಯಿಲ್‌ಗಳನ್ನು ಅದಲುಬದಲು ಮಾಡಿದರೂ ಲಕ್ಷಣ ಯಾವುದರ ಜತೆಗೂ ಹೋಗಲಿಲ್ಲ. ಕತ್ತಲೆಯಲ್ಲಿ ಕಾಯಿಲ್ ರಬ್ಬರಿಗೆ ಉಪ್ಪುನೀರು ಸ್ಪ್ರೇ ಮಾಡಿ ನೋಡಿದೆ, ಕಿಡಿ ಎಲ್ಲಿಯೂ ಹೊರಗೆ ಹಾರಲಿಲ್ಲ. ನಾಲ್ಕಕ್ಕೂ ಒಟ್ಟಿಗೆ ತೊಂದರೆ ಕೊಡುವುದು ಎರಡೇ, ಒಂದೋ ಕರೆಂಟ್ ಬರುವ ದಾರಿ, ಇಲ್ಲವೇ ಅದು ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಅರ್ತ್.

ಕಾಯಿಲ್ ಕನೆಕ್ಟರಿನ ಅರ್ತ್ ಪಿನ್ನಿಗೆ ಹಿಂದಿನಿಂದ ಪಿನ್ ಚುಚ್ಚಿ ವಯರ್ ಕಟ್ಟಿ, ಬೋನೆಟ್ ಸಂದಿಯಿಂದ ಒಳಗೆ ತಂದೆ. ಇನ್ನೊಂದು ವಯರ್ ಬ್ಯಾಟರಿ ಮೈನಸ್ಸಿನಿಂದ. ಅರ್ತ್ ಸರಿ ಇದ್ದರೆ ಇವೆರಡರ ನಡುವೆ ವೋಲ್ಟ್ ಹೆಚ್ಚುಕಡಿಮೆ ಸೊನ್ನೆ. ವಯರ್ ಫ್ಯಾನಿಗೆ ಬೆಲ್ಟಿಗೆ ಸಿಗದ ಹಾಗೆ ಎಲ್ಲಿಂದ ತರುವುದೆಂದು ಕಂಡುಕೊಳ್ಳಲು ನನಗೆ ವರ್ಷಗಳೇ ಬೇಕಾದವು. ಅದು ನನ್ನಲ್ಲೇ ಇರಲಿ. ಪಕ್ಕದ ಗ್ಯಾರೇಜಿನ ಅಣ್ಣ ನೋಡಿ, "ಗ್ಯಾರೇಜಲ್ಲಿ ನೋಡಿದ್ರೆ ಸಾಲದಾ ಮಾರಾಯ, ರಸ್ತೆಯಲ್ಲಿ ಮೀಟರ್ ಎಂತಕ್ಕೆ?" ಅಂದ. ಗ್ಯಾರೇಜಿನಲ್ಲಿ ಎಷ್ಟು ರೇಸ್ ಮಾಡಿದರೂ ಮೀಟರ್ 0.03 ವೋಲ್ಟಿನ ಮೇಲೆ ಹೋಗುತ್ತಿರಲಿಲ್ಲ. ಅದಕ್ಕೇ ರಸ್ತೆ.

ಹಿಂದೆ ಮೂರು ಗೋಣಿ ಅಡಿಕೆ ಹಾಕಿದೆವು, 180 ಕಿಲೋದ ಮೇಲೆಯೇ ಇತ್ತು. ಚೆರ್ಕಳ ದಾಟಿ ತೆಕ್ಕಿಲ್‌ನಲ್ಲಿ ಚಂದ್ರಗಿರಿ ಹೊಳೆಗೆ ಇಳಿದು, ಚಟ್ಟಂಚಾಲಿನ ಏರು. ಮಾಷ್ಟ್ರು ಡ್ರೈವಿಂಗ್, ಮೀಟರ್ ನನ್ನ ಮಡಿಲಲ್ಲಿ, ಅತಿ ಕಡಿಮೆ, ಅತಿ ಹೆಚ್ಚು ರೀಡಿಂಗ್ ಹಿಡಿದಿಡುವ ಮಿನ್-ಮ್ಯಾಕ್ಸ್ ಮೋಡಿನಲ್ಲಿ. "ಒತ್ತಿ ಮಾಷ್ಟ್ರೇ, ಪೂರ್ತಿ ಒತ್ತಿ" ಅಂದೆ. ಗಾಡಿ ಜಗ್ಗಿತು, ಮೀಟರ್ 0.9ಕ್ಕೆ ಹಾರಿತು. ಮತ್ತೆ ಒತ್ತಿಸಿದರೆ ಒಂದು ವೋಲ್ಟಿನ ಮೇಲೆ. ಕಾಲು ತೆಗೆದರೆ ಪುನಃ 0.03. 0.1 ದಾಟಬಾರದ ಜಾಗ ಅದು! ಸಂತೋಷಕ್ಕೆ ಅಲ್ಲೇ ಗಾಡಿ ನಿಲ್ಲಿಸಿ ಮಾಷ್ಟ್ರಿಗೆ ತೋರಿಸಿದೆ.

ಬಿಚ್ಚಿ ನೋಡಿದಾಗ ವಿಷಯ ಹೀಗಿತ್ತು. ಹಿಂದೆ ಇಂಜಿನ್ ಕೆಲಸವಾದಾಗ ಯಾರೋ ಕಾಯಿಲ್‌ಗಳ ಅರ್ತನ್ನು ಇಂಜಿನ್ನಿನ ಹೆಡ್ಡಿನಿಂದ ತೆಗೆದು ಬಾಡಿಯ ಬೋಲ್ಟಿಗೆ ಕಟ್ಟಿದ್ದಾರೆ, ಅದೂ ಗಿಡ್ಡ ವಯರಿನಲ್ಲಿ. ಗಾಡಿ ಮೊದಲು ಮಂಜೇಶ್ವರದಲ್ಲಿ ಕಡಲ ಬದಿಯಲ್ಲಿ ನಿಲ್ಲುತ್ತಿದ್ದದ್ದಂತೆ. ವಯರಿನ ತುದಿಯ ಲಗ್ಗಿನೊಳಗೆ ತಾಮ್ರ ಹಸಿರುಗಟ್ಟಿ, ಹತ್ತಾರು ಎಳೆಯಲ್ಲಿ ನಾಲ್ಕೈದು ಮಾತ್ರ ಉಳಿದಿದ್ದವು. ಇಂಜಿನ್ನನ್ನು ಬಾಡಿಗೆ ಹಿಡಿದಿಡುವ ಮೌಂಟಿಂಗೂ ಕುಸಿದಿತ್ತು. ಜೋರಾಗಿ ಎಳೆಯುವಾಗ ಇಂಜಿನ್ ವಾಲುತ್ತದೆ, ವಯರ್ ಬಿಗಿಯಾಗುತ್ತದೆ, ಎಳೆಗಳು ಬಿಡುತ್ತವೆ. ಹ್ಯಾಂಡ್‌ಬ್ರೇಕ್ ಹಾಕಿ, ಫಸ್ಟ್ ಗೇರಿನಲ್ಲಿ ಕ್ಲಚ್ ಸ್ವಲ್ಪ ಬಿಟ್ಟು ಇಂಜಿನ್ ವಾಲಿಸಿದರೆ ನಿಂತಲ್ಲೇ ಮೀಟರ್ ಹಾರುತ್ತಿತ್ತು. ಪಕ್ಕದ ಅಣ್ಣನನ್ನೂ ಕರೆದು ಇದನ್ನು ಎರಡು ಸಲ ತೋರಿಸಿದೆ.

ವಯರ್, ಲಗ್ ಎಲ್ಲ ಸೇರಿ 150 ರೂಪಾಯಿ ಇರಬಹುದು. ಮೌಂಟಿಂಗಿಗೆ ಸಾವಿರದೈನೂರರ ಆಸುಪಾಸು. ಅರ್ತನ್ನು ಮತ್ತೆ ಹೆಡ್ಡಿಗೇ ಕಟ್ಟಿದೆ. ಲಗ್ಗಿಗೆ ಪುನಃ ಹಸಿರು ಹಿಡಿಯದ ಹಾಗೆ ನಾನು ಒಂದು ಬಳಿಯುವುದಿದೆ, ಅದರ ಹೆಸರು ಇಲ್ಲಿ ಬೇಡ. ಗ್ಯಾಪ್ ಮತ್ತೆ 1.1. ಮರುದಿನ ಅದೇ ಮೂರು ಗೋಣಿ, ಅದೇ ಏರು: 0.04, ಮಿಸ್ಸಿಂಗ್ ಇಲ್ಲ. ಜುಲೈಯ ಜಡಿಮಳೆ ಮುಗಿದ ಮೇಲೆ ಆಯಿಲ್ ಬದಲಿಸಲು ಬಂದಾಗ ಇನ್ನೊಮ್ಮೆ ಪಿನ್ ಚುಚ್ಚಿ ಹತ್ತಿಸಿ ನೋಡಿದೆ, ಆಗಲೂ ಅಷ್ಟೇ ಇತ್ತು.