ನೂವೋ ಡ್ರೈವರ್‌ನ ಬೆಂಬಲ ಪಟ್ಟಿ: ಡಬ್ಬದ ಹೆಸರು ಬಿಡಿ, ಚಿಪ್ ಹಿಡಿಯಿರಿ

ನೂವೋ ಎಂದರೆ ಲಿನಕ್ಸ್‌ನಲ್ಲಿ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗಳಿಗಾಗಿ ಸಮುದಾಯ ಬರೆದ ಮುಕ್ತ ಡ್ರೈವರ್. ಯಾವ ಕಾರ್ಡ್ ಅದರಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಿ ಬರೆಯುವುದೇ ಬೆಂಬಲ ಪಟ್ಟಿ. ಎನ್ವಿಡಿಯಾದ ಜಿಫೋರ್ಸ್ ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಪೀಳಿಗೆಯ ಚಿಪ್‌ಗಳು ಮಾರಾಟವಾಗಿವೆ: ಫರ್ಮಿಯ ಜಿಎಫ್108, ಕೆಪ್ಲರ್‌ನ ಜಿಕೆ208. ನೂವೋದಲ್ಲಿ ಕೆಪ್ಲರ್‌ನ ಗಡಿಯಾರ ವೇಗವನ್ನು (ಚಿಪ್ ಓಡುವ ಕ್ಲಾಕ್ ವೇಗ) ಕೈಯಾರೆ ಏರಿಸಬಹುದು; ಫರ್ಮಿಯಲ್ಲಿ ಆ ಕೆಲಸ ಪೂರ್ತಿಯಾಗಿಲ್ಲ. "ಜಿಟಿ 730: ಕೆಲಸ ಮಾಡುತ್ತದೆ" ಎಂದು ಬರೆದರೆ ಓದಿದವರಿಗೆ ಏನೂ ತಿಳಿಯದು. ಪಟ್ಟಿಯ ಸಾಲು ಚಿಪ್ ಹೆಸರಿನಿಂದ ಶುರುವಾಗಲಿ, ಡಬ್ಬದ ಮೇಲಿನ ಹೆಸರು ಟಿಪ್ಪಣಿಗೆ ಹೋಗಲಿ.

ಮೊದಲು "ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ -ಡಿ 10ಡಿಇ:" ಕೊಡಿ (ಎಲ್ಲವೂ ಇಂಗ್ಲಿಷ್‌ನ ಸಣ್ಣಕ್ಷರ); ಯಂತ್ರದಲ್ಲಿರುವ ಎನ್ವಿಡಿಯಾ ಸಾಧನಗಳನ್ನು ಅದು ತೋರಿಸುತ್ತದೆ. ಔಟ್‌ಪುಟ್‌ನಲ್ಲಿ 'ವಿಜಿಎ' ಎಂಬ ಪದ ಹುಡುಕಿ ಸೋಸಬೇಡಿ. ಡಿಸ್‌ಪ್ಲೇ ಕಿಂಡಿ ಇಲ್ಲದ ಲ್ಯಾಪ್‌ಟಾಪ್ ಚಿಪ್ '3ಡಿ ಕಂಟ್ರೋಲರ್' ಎಂದು ಬರುವುದರಿಂದ ಕೈತಪ್ಪಿಹೋಗುತ್ತದೆ. 10ಡಿಇ:1287 ಕಂಡರೆ ಕೆಪ್ಲರ್‌ನ ಜಿಟಿ 730, 10ಡಿಇ:0ಎಫ್02 ಕಂಡರೆ ಫರ್ಮಿಯದು. ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಸಾಲಿನಲ್ಲಿ ನೂವೋ ಇರಲೇಬೇಕು. ಅದರ ಪಕ್ಕದ 'ಕರ್ನಲ್ ಮಾಡ್ಯೂಲ್ಸ್' ಸಾಲನ್ನು ನೋಡಿ ಮೋಸಹೋಗುವವರು ಬಹಳ. ಅಲ್ಲಿರುವುದು ಹೊಂದಬಹುದಾದ ಮಾಡ್ಯೂಲ್‌ಗಳ ಹೆಸರಷ್ಟೇ.

ಚಿಪ್ ಯಾವುದೆಂದು ಖಾತ್ರಿ ಮಾಡಲು 'ಡಿಎಂಇಎಸ್‌ಜಿ' ಕಮಾಂಡ್ ತೋರಿಸುವ ಕರ್ನಲ್ ಸಂದೇಶಗಳಲ್ಲಿ ನೂವೋ ಸಾಲುಗಳನ್ನು ನೋಡಿ. "ಎನ್ವಿಡಿಯಾ ಜಿಕೆ208ಬಿ (ಬಿ06070ಬಿ1)" ಎಂಬಂಥದ್ದು ಸಿಗುತ್ತದೆ. ಕಂಸದೊಳಗಿನ ಮೊದಲ ಮೂರು ಹೆಕ್ಸ್ (ಹದಿನಾರರ ಲೆಕ್ಕದ) ಅಂಕಿ ಬಿ06. ಅದರ ಕೆಳಗಿನ ಒಂಬತ್ತು ಬಿಟ್ ಮಾತ್ರ ಉಳಿಸಿಕೊಂಡರೆ 106, ಅಂದರೆ ಎನ್‌ವಿ106. ನೂವೋದವರು ಮಾತಾಡುವುದು ಈ ಸಂಖ್ಯೆಯಲ್ಲೇ.

ಆಮೇಲೆ, ಚಿತ್ರ ಬಿಡಿಸುತ್ತಿರುವುದು ಯಾವುದೆಂದು ನೋಡಲು "ಜಿಎಲ್‌ಎಕ್ಸ್‌ಇನ್ಫೊ -ಬಿ" (ಬಿ ದೊಡ್ಡಕ್ಷರ). ರೆಂಡರರ್ ಎದುರು ಎನ್‌ವಿ106 ಬರಬೇಕು. ಎಲ್‌ಎಲ್‌ವಿಎಂಪೈಪ್ ಎಂದು ಬಂದರೆ ಚಿತ್ರ ಬಿಡಿಸುತ್ತಿರುವುದು ಸಿಪಿಯು. ಇನ್‌ಸ್ಟಾಲ್ ಮಾಡುವಾಗ ಸೇರಿಸಿದ 'ನೋಮೋಡ್‌ಸೆಟ್' (ನೂವೋದಂಥ ಡ್ರೈವರ್ ಓಡದಂತೆ ತಡೆಯುವ ಆಯ್ಕೆ) ಬೂಟ್ ಸಾಲಿನಲ್ಲಿ ಹಾಗೇ ಉಳಿದಿರುವುದು ಇದಕ್ಕೆ ಮಾಮೂಲಿ ಕಾರಣ. /ಪ್ರಾಕ್/ಸಿಎಂಡಿಲೈನ್ ತೆರೆದು ನೋಡಿ. ಎರಡು ಜಿಪಿಯು ಇರುವ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್‌ಗೆ ಮೊದಲು 'ಡಿಆರ್‌ಐ_ಪ್ರೈಮ್=1' ಹಾಕದಿದ್ದರೆ ಇಂಟೆಲ್ ಚಿಪ್‌ನ ವಿವರ ಎನ್ವಿಡಿಯಾ ಸಾಲಿಗೆ ನುಸುಳುತ್ತದೆ.

ಗಡಿಯಾರ ವೇಗದ ಖಾನೆಗೆ ಹೆಚ್ಚು ಹೊತ್ತು ಕೊಡಿ, 'ನಿಧಾನ' ಎಂಬ ದೂರುಗಳ ಬೇರು ಅಲ್ಲೇ. ಕೆಪ್ಲರ್ ಕಾರ್ಡ್ ನೂವೋದಲ್ಲಿ ತಾನಾಗಿ ವೇಗ ಏರಿಸಿಕೊಳ್ಳುವುದಿಲ್ಲ, ಬೂಟ್ ಆದಾಗಿನ ವೇಗದಲ್ಲೇ ಕೂತಿರುತ್ತದೆ. /ಸಿಸ್/ಕರ್ನಲ್/ಡಿಬಗ್/ಡಿಆರ್‌ಐ/0/ಪಿಸ್ಟೇಟ್ ಫೈಲ್ ಓದಿ (ನಡುವಿನ 0 ನಿಮ್ಮಲ್ಲಿ 1 ಇರಬಹುದು). 07, 0ಎಫ್ ಮುಂತಾದ ಹಂತಗಳ ಕೊನೆಗೆ ಬರುವ 'ಎಸಿ' ಸಾಲು ಸದ್ಯದ ವೇಗ. ವೇಗ ಏರಿಸಲು ಅದೇ ಫೈಲ್‌ಗೆ 0ಎಫ್ ಬರೆಯುವಾಗ 'ಸುಡೊ ಎಕೊ' ಜತೆ > ಚಿಹ್ನೆ ಹಾಕಿದರೆ ಅನುಮತಿ ಇಲ್ಲ ಎನ್ನುತ್ತದೆ. ಫೈಲ್ ತೆರೆಯುವುದು ರೂಟ್ ಅಲ್ಲ, ನಿಮ್ಮ ಶೆಲ್. 'ಎಕೊ 0ಎಫ್ | ಸುಡೊ ಟೀ' ಎಂದು ಬರೆದು ಮುಂದೆ ಆ ಫೈಲ್‌ನ ದಾರಿ ಕೊಡಿ. ಯಂತ್ರ ಅಲ್ಲೇ ನಿಂತುಹೋಗಬಹುದು, ತೆರೆದ ಕಡತಗಳನ್ನು ಮೊದಲು ಸೇವ್ ಮಾಡಿ.

ಕೆಪ್ಲರ್‌ಗಿಂತ ಈಚಿನ ಜಿಎಂ20ಎಕ್ಸ್‌ನಿಂದ (ಮ್ಯಾಕ್ಸ್‌ವೆಲ್ ಪೀಳಿಗೆಯ ಎರಡನೇ ಕಂತು) ಪ್ಯಾಸ್ಕಲ್ ಪೀಳಿಗೆವರೆಗಿನ ಕಾರ್ಡ್‌ಗಳಲ್ಲಿ ಈ ಪ್ರಯತ್ನವೇ ಬೇಡ. ವೇಗ ನಿಭಾಯಿಸುವ ಫರ್ಮ್‌ವೇರ್‌ಗೆ (ಕಾರ್ಡ್‌ನೊಳಗೆ ಓಡುವ ತಂತ್ರಾಂಶ) ಎನ್ವಿಡಿಯಾದ ಡಿಜಿಟಲ್ ಸಹಿ ಬೇಕು, ಅಂಥದ್ದು ಸಮುದಾಯಕ್ಕೆ ಸಿಕ್ಕಿಲ್ಲ. ನಂತರದ ಟ್ಯೂರಿಂಗ್ ಪೀಳಿಗೆಯಿಂದ ಈಚೆಗೆ ಜಿಎಸ್‌ಪಿ (ಕಾರ್ಡ್ ಮೇಲಿನ ನಿರ್ವಹಣಾ ಪ್ರೊಸೆಸರ್) ಫರ್ಮ್‌ವೇರ್ ಆ ಹೊರೆ ಹೊರುತ್ತದೆ, ಕರ್ನಲ್ 6.7ರಲ್ಲಿ ನೂವೋಗೆ ಅದರ ಬೆಂಬಲ ಬಂತು. ಹಾಗಾಗಿ ಈ ಕಾರ್ಡ್‌ಗಳ ಸಾಲಿನಲ್ಲಿ ಜಿಎಸ್‌ಪಿ ಚಾಲೂ ಇತ್ತೋ ಇಲ್ಲವೋ ಎಂಬುದನ್ನು ಬಿಡಬೇಡಿ.

ಸ್ಲೀಪ್‌ಗೆ ಹಾಕಿ ಎಬ್ಬಿಸುವ ಪರೀಕ್ಷೆ ಐದು ಸಲವಾದರೂ ಆಗಲಿ. ಒಂದು ಸಲ ಎದ್ದ ಕಾರ್ಡ್ ಮೂರನೇ ಸಲ ಕಪ್ಪು ಪರದೆ ತೋರಿಸಿದರೆ 'ಭಾಗಶಃ' ಎಂದು ಬರೆದು ಎಷ್ಟನೇ ಸಲ ಎಂಬುದನ್ನೂ ಹಾಕಿ.

ಬರೆದ ಸಾಲು ಹೀಗಿದ್ದರೆ ಸಾಕು (ಮೆಸಾ ಎಂದರೆ ಲಿನಕ್ಸ್‌ನ ಗ್ರಾಫಿಕ್ಸ್ ಲೈಬ್ರರಿ): "ಎನ್‌ವಿ106, 10ಡಿಇ:1287, ಕರ್ನಲ್ 6.1, ಮೆಸಾ 22.3. ಎಚ್‌ಡಿಎಂಐ: ಆಗಿದೆ. ವೇಗ: ಕೈಯಾರೆ, 0ಎಫ್. ವಿಡಿಯೊ ಡಿಕೋಡ್: ಪರೀಕ್ಷಿಸಿಲ್ಲ." ಪರೀಕ್ಷಿಸದ್ದನ್ನು 'ಇಲ್ಲ' ಎನ್ನಬೇಡಿ. ಕೆಪ್ಲರ್‌ನಲ್ಲಿ ವಿಡಿಯೊ ಡಿಕೋಡ್ ಮಾಡಲು ಎನ್ವಿಡಿಯಾದ ಹಳೆಯ ಡ್ರೈವರ್‌ನಿಂದ ಫರ್ಮ್‌ವೇರ್ ಬೇರ್ಪಡಿಸಿ ಹಾಕಬೇಕಾಗುತ್ತದೆ. ಅದನ್ನು ಹಾಕದೆ 'ಇಲ್ಲ' ಎಂದು ಬರೆದ ಖಾನೆ ನೋಡಿ ಮುಂದಿನವರು ಪ್ರಯತ್ನವನ್ನೇ ಮಾಡುವುದಿಲ್ಲ.